ಮನೆಯಲ್ಲೊಂದು ಪ್ರತಿ ಇರಲಿ

ಕಳೆದ ತಿಂಗಳು ಕೊಲ್ಹಾರದ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, ನನ್ನ ಗಣಕಯಂತ್ರವು ಟಿ.ವಿ. ಕಾರ್ಯಕ್ರಮವನ್ನು ತಾನಾಗಿಯೇ ಮುದ್ರಿಸಿಕೊಳ್ಳುವುದನ್ನು ಕಂಡು, ‘ಸರ್, ಎಲ್ಲವೂ ಅಂತರಜಾಲದಲ್ಲಿ ಸಿಗುವಾಗ ಈ ಉಸಾಬರಿ ಏಕೆ?’ ಎಂದು ಕೇಳಿದ. ಅಂದು ಅರ್ಧ ಉತ್ತರ ಕೊಟ್ಟೆ. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ವ್ಯವಸ್ಥೆ ಸರಳವಾದುದು. ಡಿಶ್ ಪೆಟ್ಟಿಗೆಯ ತಂತಿಯನ್ನು ಗಣಕದ ಟ್ಯೂನರ್ ಕಾರ್ಡಿಗೆ ಜೋಡಿಸಿದ್ದೇನೆ. 2002ರಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ ಡಾ. ನಾ. ಸೋಮೇಶ್ವರರ ‘ಥಟ್ ಅಂತ ಹೇಳಿ’ಯ ಕಂತುಗಳನ್ನು ಹೀಗೆ ಕೂಡಿಡುತ್ತಿದ್ದೇನೆ. ಸೆಕೆಂಡಿಗೆ 40 ಲಕ್ಷ ಬಿಟ್‌ಗಳಂತೆ ಗಂಟೆಯೊಂದಕ್ಕೆ 1.8 ಗಿಗಾಬೈಟ್ ಸ್ಥಳ ಬೇಕು. ಅದನ್ನೇ ಕಿರಿದುಗೊಳಿಸಿ ಹರಿಯಬಿಟ್ಟರೆ, ಪುಣೆಯಲ್ಲಿರುವ ಮೊಮ್ಮಗಳು ತನ್ನ ಫೋನಿನಲ್ಲಿ ನೋಡಿ, ಉತ್ತರ ಹೇಳಿ ನನ್ನನ್ನೇ ಸೋಲಿಸುತ್ತಾಳೆ.

ಇದು ಕಳವಲ್ಲವೇ ಎಂದು ಕೆಲವರ ಶಂಕೆ. ಮನೆಯಲ್ಲಿ ಮುದ್ರಿಸಿ ಅನಂತರ ನೋಡುವುದು ತಪ್ಪಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿಯೇ ತೀರ್ಪಿತ್ತಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಕೂಡ ಖಾಸಗಿ ಬಳಕೆಯ ನ್ಯಾಯೋಚಿತ ಉಪಯೋಗವನ್ನು ಮನ್ನಿಸುತ್ತದೆ. ಆದರೆ ಅದನ್ನು ಊರಿಗೆಲ್ಲ ಹಂಚುವುದು, ಮಾರುವುದು ಸರ್ವಥಾ ಸಲ್ಲದು.

ಇನ್ನು, ಕಾಪಾಡುವವರು ಬೇರೆ ಇದ್ದಾರೆಂಬ ನೆಚ್ಚಿಕೆ. ಬಿ.ಬಿ.ಸಿ.ಯಂಥ ಸಂಸ್ಥೆಯೇ ‘ಡಾಕ್ಟರ್ ಹೂ’ ಧಾರಾವಾಹಿಯ 1960ರ ದಶಕದ ಅನೇಕ ಕಂತುಗಳನ್ನು ಉಳಿಸಿಕೊಳ್ಳಲಿಲ್ಲ. ಕಳೆದುಹೋದ ಆ ಕಂತುಗಳ ಧ್ವನಿಯಾದರೂ ಇಂದು ಉಳಿದಿರುವುದು, ಅಂದಿನ ವೀಕ್ಷಕರು ಮನೆಯಲ್ಲಿ ಕುಳಿತು ಟೇಪಿಗಿಳಿಸಿಕೊಂಡುದರಿಂದ. ಮನೆಯ ಟಿ.ವಿ.ಯನ್ನು ಫೋನಿಗೆ ಕಳುಹಿಸುತ್ತಿದ್ದ ಸ್ಲಿಂಗ್‌ಬಾಕ್ಸ್ ಎಂಬ ಪೆಟ್ಟಿಗೆಯು 2005ರಲ್ಲಿ ಬಂದಿತು. 2022ರ ನವೆಂಬರಿನಲ್ಲಿ ಕಂಪನಿಯ ಸರ್ವರುಗಳು ನಿಂತೊಡನೆ ಬಹುಪಾಲು ಪೆಟ್ಟಿಗೆಗಳು ನಿಷ್ಪ್ರಯೋಜಕವಾದವು. ಆದ್ದರಿಂದಲೇ, ನಮ್ಮ ಯಂತ್ರದಲ್ಲಿಯೇ ನಡೆಯುವ ಮಿಥ್‌ಟಿವಿಯಂಥ ಮುಕ್ತ ತಂತ್ರಾಂಶವು ಲೇಸೆಂದು ನನ್ನ ಮತ.

ಕೊಲ್ಹಾರದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟು ಬರುವಾಗ ತೊಲೆ, ಬಾಗಿಲು, ಚೌಕಟ್ಟುಗಳನ್ನು ಹೊತ್ತು ತಂದೆವು. ನಮ್ಮ ಓಣಿಯ ಒಂದು ಚಿತ್ರವನ್ನಾದರೂ ತೆಗೆದಿರಿಸಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ. ಯಾರಾದರೂ ತೆಗೆದಿರಬಹುದೆಂದುಕೊಂಡೆ. ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಇಂದು ಮೊಮ್ಮಗಳು ಕೇಳಿದರೆ ನೀರಿನತ್ತ ಕೈತೋರಿಸುತ್ತೇನೆ.

ಆದುದರಿಂದ ಮಕ್ಕಳೇ, ನಿಮಗೆ ಪ್ರಿಯವಾದುದರ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ. ಸಾಧ್ಯವಾದರೆ ಬೇರೊಂದು ಡಿಸ್ಕಿನಲ್ಲಿ ಇನ್ನೊಂದಿರಲಿ. ನಿಮ್ಮೆಲ್ಲರಿಗೂ ಶುಭವಾಗಲಿ.