ಪ್ರಯೋಗಶಾಲೆಯ ಬಾಗಿಲು ಯಾರ ಮಗಳಿಗೆ?

ಹೆಣ್ಣುಮಕ್ಕಳು ವಿಜ್ಞಾನ ಓದಬೇಕೆಂದು ಈಗ ಮಂತ್ರಿಗಳಿಂದ ಹಿಡಿದು ಗಿರಣಿ ಮಾಲೀಕರವರೆಗೆ ಎಲ್ಲರೂ ಭಾಷಣ ಮಾಡುತ್ತಾರೆ. ಸಂತೋಷ. ಯಾರ ಮನೆಯ ಹೆಣ್ಣುಮಕ್ಕಳು ಎಂದು ಕೇಳಿದೊಡನೆ ಮಾತ್ರ ವೇದಿಕೆ ಮೌನವಾಗುತ್ತದೆ.

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಲ್ಲಿ ಪದವಿ ಪಡೆದು ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ನೊಬೆಲ್ ಪಡೆದ ಕಣ್ಣಿಗೂ ಈ ಪೊರೆ ತಪ್ಪಲಿಲ್ಲ! ಆಕೆ ಪಟ್ಟು ಹಿಡಿದ ಮೇಲೆ, ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ ಎಂಬ ಷರತ್ತಿನೊಡನೆ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಮುಂದೆ ರಾಮನ್ನರೂ ಸ್ತ್ರೀಯರಿಗೆ ಅವಕಾಶ ಕೊಟ್ಟರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಈ ಕಥೆಯನ್ನು ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಕಮಲಾ ಅವರ ತಂದೆಯೂ ತಂದೆಯ ಸಹೋದರರೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನ ಶಾಸ್ತ್ರಜ್ಞರು. ಜಾತಿ, ವಿದ್ಯೆ, ಇಂಗ್ಲಿಷು ಎಲ್ಲವೂ ಬೆನ್ನಿಗಿದ್ದವರಿಗೇ ಬಾಗಿಲು ಅಷ್ಟು ಬಿಗಿಯಾಗಿದ್ದರೆ, ಗಿರಣಿಯ ಕೂಲಿಕಾರನ ಮಗಳು ಆ ಬಾಗಿಲವರೆಗೆ ನಡೆದು ಬರುವುದಾದರೂ ಹೇಗೆ? ಜಾತಿ ಮತ್ತು ಹೆಣ್ಣುತನ ಇವೆರಡೂ ಒಂದೇ ಸೆರೆಮನೆಯ ಎರಡು ಗೋಡೆಗಳೆಂಬ ಅರ್ಥದಲ್ಲಿ ಡಾ. ಲೋಹಿಯಾ ಅವರು 1950ರ ದಶಕದಲ್ಲಿಯೇ ಬರೆದರು. ಅದಕ್ಕೆ ಬಡತನದ ಗೋಡೆಯನ್ನೂ ಸೇರಿಸಿ ನೋಡಬೇಕು.

ನಾವು ಪಾಠ ಹೇಳುತ್ತಿದ್ದ ದಿನಗಳ ಒಂದು ಮಾತನ್ನು ಮುಚ್ಚಿಡಬಾರದು. ಆಮ್ಲ, ಪ್ರತ್ಯಾಮ್ಲಗಳ ಪ್ರಯೋಗ ತೋರಿಸುವಾಗ ಮೇಜಿನ ಸುತ್ತ ಹುಡುಗರು ನಿಲ್ಲುತ್ತಿದ್ದರು. ಹುಡುಗಿಯರು ಹಿಂದೆ ಕುಳಿತು ಚಿತ್ರ ಬರೆಯುತ್ತಿದ್ದರು. ಪಾಠ ಮುಗಿದ ಮೇಲೆ ಗಾಜಿನ ಪ್ರನಾಳಗಳನ್ನು ತೊಳೆಯಲು ನಾವು ಕಳಿಸುತ್ತಿದ್ದುದು ಹುಡುಗಿಯರನ್ನು, ಅದರಲ್ಲೂ ಕೇರಿಯಿಂದ ಬರುತ್ತಿದ್ದ ಇಬ್ಬರನ್ನು. ಅವರನ್ನೇ ಏಕೆ ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಆ ಇಬ್ಬರು ವರ್ಷವಿಡೀ ಪ್ರನಾಳ ಮುಟ್ಟಿದ್ದು ತೊಳೆಯುವುದಕ್ಕೆ ಮಾತ್ರ.

2018ರಿಂದ ಐ.ಐ.ಟಿ.ಗಳು ಹುಡುಗಿಯರಿಗೆ ಹೆಚ್ಚುವರಿ ಸೀಟು ತೆರೆದವು. 2016ರಲ್ಲಿ ಹೊಸದಾಗಿ ಸೇರುವವರಲ್ಲಿ ನೂರಕ್ಕೆ 8ರಷ್ಟಿದ್ದ ಹುಡುಗಿಯರು 2020ರ ಹೊತ್ತಿಗೆ 20ರ ಸಮೀಪಕ್ಕೆ ಬಂದರು. ಪರಿಶಿಷ್ಟರ, ಹಿಂದುಳಿದವರ ಪಾಲಿನೊಳಗೂ ಹುಡುಗಿಯರಿಗೆ ಜಾಗ ಮಾಡಿದ್ದು ಸರಿಯಾದ ಕ್ರಮ. ಆದರೆ ಆ ಪರೀಕ್ಷೆಯ ಕೋಚಿಂಗಿಗೆ ಲಕ್ಷಗಟ್ಟಲೆ ಸುರಿಯಬೇಕು. ಮಗನ ಕೋಚಿಂಗಿಗೆ ಬಡ್ಡಿ ಸಾಲ ತರುವ ನಮ್ಮ ಚಿಲ್ಲರೆ ಅಂಗಡಿಯ ಬಂಧು ಮಗಳಿಗೆ ಆರ್ಟ್ಸ್ ಸಾಕೆನ್ನುತ್ತಾನೆ. ಅವನು ಕೆಟ್ಟವನೆಂದಲ್ಲ, ಅವನದು ಲೆಕ್ಕ. ಆ ಲೆಕ್ಕದಲ್ಲಿ ಕಳೆಯುವ ಕಡೆಗೆ ಯಾವಾಗಲೂ ಮಗಳ ಹೆಸರೇ ಬರುವುದೇಕೆ?

2023ರ ಜೂನ್‌ನಲ್ಲಿ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡು ತಪ್ಪಿತು. ಒಳ್ಳೆಯ ಕೆಲಸ. ಆದರೆ ಬಸ್ಸಿಳಿದ ಊರಿನ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನದ ಉಪನ್ಯಾಸಕರೇ ಇಲ್ಲದಿದ್ದರೆ, ಪ್ರಯೋಗಶಾಲೆಗೆ ಬೀಗ ಬಿದ್ದಿದ್ದರೆ, ಆ ಹುಡುಗಿ ಹೋದದ್ದಾದರೂ ಎಲ್ಲಿಗೆ? ವಿಜ್ಞಾನ ಓದುವ ಹುಡುಗಿಯರೆಷ್ಟು ಎಂಬ ಒಂದೇ ಒಟ್ಟು ಸಂಖ್ಯೆ ನಮಗೆ ಬೇಡ. ಅವರಲ್ಲಿ ದಲಿತರೆಷ್ಟು, ಮುಸಲ್ಮಾನರೆಷ್ಟು, ಕೂಲಿಕಾರರ ಮಕ್ಕಳೆಷ್ಟು, ಮಧ್ಯದಲ್ಲೇ ಬಿಟ್ಟವರೆಷ್ಟು ಎಂಬುದನ್ನು ಸರಕಾರವು ಕಾಲೇಜುವಾರು ಪ್ರಕಟಿಸಬೇಕು.

ಅಲ್ಲಿಯವರೆಗೆ ನಾವೇ ಎಣಿಸೋಣ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನದ ಅಂಕ ಚೆನ್ನಾಗಿದ್ದೂ ಬೇರೆ ವಿಭಾಗಕ್ಕೆ ಹೋದ, ಇಲ್ಲವೇ ಮನೆಯಲ್ಲೇ ಉಳಿದ ಮಗಳು ನಿಮ್ಮ ಮನೆಯಲ್ಲಿದ್ದರೆ, ಕಾರಣ ಸಮೇತ ಒಂದು ಚೀಟಿ ಬರೆದು ನಮ್ಮ ಕಚೇರಿಗೆ ತಲುಪಿಸಿ. ಚೀಟಿಯನ್ನು ಅವಳೇ ಬರೆದರೆ ಇನ್ನೂ ಒಳ್ಳೆಯದು.