“ಲೈಟ್ ಅಷ್ಟೇ, ಓಡ್ಸಿ” ಅನ್ನೋರಿಗೆ ನನ್ನ ಉತ್ತರ

1/8

ಫೋಟೋದಲ್ಲಿರೋ ಹಳದಿ ಚಿಹ್ನೆ ನೋಡಿ. ಕುದುರೆ ಲಾಳದ ಥರ ಇದೆ, ನಡುವೆ ಆಶ್ಚರ್ಯಸೂಚಕ. ಟೈರಲ್ಲಿ ಗಾಳಿ ಕಮ್ಮಿಯಾದ್ರೆ ಹತ್ತೋ ಲೈಟ್ ಇದು. ನಮ್ಮನೆ ಕಾರಲ್ಲಿ ಮೇ ಕೊನೆಯಿಂದ ಆಗಸ್ಟ್‌ವರೆಗೆ ಇದು ಆರಲೇ ಇಲ್ಲ. ನಾಲ್ಕೂ ಟೈರ್ ಹೊಸದು, ಗಾಳಿ ಸರಿಯಾಗೇ ಇತ್ತು. ಆದ್ರೂ ಲೈಟ್.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: “ಲೈಟ್ ಅಷ್ಟೇ ಮಾರಾಯ, ಓಡ್ಸಿ.” ಟೈರ್ ಅಂಗಡಿಯವರು ಹೇಳಿದ್ರು. ದೊಡ್ಡಪ್ಪ ಹೇಳಿದ್ರು. ಕ್ಲಾಸಲ್ಲಿ ನೀವೂ ಹೇಳಿದ್ರಿ, ನಾನು ಮರೆತಿಲ್ಲ. ಒಬ್ಬನಂತೂ “ಅದರ ಮೇಲೆ ಕಪ್ಪು ಟೇಪ್ ಅಂಟಿಸ್ಬಿಡು” ಅಂದ.

ಜುಲೈನಲ್ಲಿ ಒಂದು ಬೆಳಿಗ್ಗೆ ಅಪ್ಪ, ನಾನು ಸೇರಿ ಅಜ್ಜಿನ ಮಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೊರಟ್ವಿ. ಬಾಳೂರಿಂದ ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ. ಘಾಟಿ ಅರ್ಧ ಇಳಿದಿದ್ವಿ, ಗಾಡಿ ಹಿಂದೆ ಎಳೆದ ಹಾಗಾಯ್ತು. ಇಳಿದು ನೋಡಿದ್ರೆ ಎಡಗಡೆ ಹಿಂದಿನ ಟೈರ್ ಪೂರ್ತಿ ಕೂತಿದೆ. ಒಂದು ಮೊಳೆ. ಮನೆ ಬಿಡೋವಾಗಲೇ ಚುಚ್ಚಿತ್ತೋ ಏನೋ, ಗಾಳಿ ನಿಧಾನಕ್ಕೆ ಇಳಿದಿದೆ. ಮಂಜಲ್ಲಿ ಹತ್ತಡಿ ಮುಂದೆ ಕಾಣ್ತಿಲ್ಲ, ಫೋನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಇಲ್ಲ, ತಿರುವಲ್ಲಿ ಲಾರಿ ಬರ್ತಿದೆ. ಅಜ್ಜಿ ಹಿಂದಿನ ಸೀಟಲ್ಲಿ ಕೂತು “ಎಂತ ಆಯ್ತೋ” ಅಂತ ಕೇಳ್ತಿದ್ರು.

ಆ ಲೈಟ್ ಆಗಲೂ ಹತ್ತಿಕೊಂಡೇ ಇತ್ತು. ಎರಡು ತಿಂಗಳಿಂದ ಹತ್ತಿಕೊಂಡಿರೋ ಲೈಟ್ ಮತ್ತೆ ಹತ್ತಿ ಎಚ್ಚರಿಸೋದು ಹೇಗೆ?

ಈ ಸರಣಿ ಅದಕ್ಕೇ. ಮುಂದಕ್ಕೆ ಓದಿ.

2/8

ಮೊದಲು, ಆಗಿದ್ದೇನು ಅಂತ.

ಮಳೆ ಹಿಡಿಯೋ ಮೊದಲು ಅಪ್ಪ ಟೈರ್ ಬದಲಿಸಿದ್ರು. ನಮ್ಮ ಕಾರಿನ ಪ್ರತಿ ಚಕ್ರದ ಒಳಗೆ, ವಾಲ್ವಿನ ಬುಡದಲ್ಲಿ, ಬೆಂಕಿಪೊಟ್ಟಣದಷ್ಟು ಸಣ್ಣ ಪೆಟ್ಟಿಗೆ ಇದೆ. ಅದೇ ಸೆನ್ಸರ್. ಅದು ಗಾಳಿಯ ಒತ್ತಡ ಅಳೆದು ರೇಡಿಯೋ ಸಿಗ್ನಲ್‌ನಲ್ಲಿ ಕಾರಿನ ಕಂಪ್ಯೂಟರಿಗೆ ಕಳಿಸುತ್ತೆ. ಮಷೀನಲ್ಲಿ ಹಳೇ ಟೈರ್ ಬಿಚ್ಚೋವಾಗ ಆ ಕಬ್ಬಿಣದ ತೋಳು ಸೆನ್ಸರಿಗೆ ತಾಗಿ ಮುರೀತು. ಅಂಗಡಿಯವರು ಬೇಕಂತ ಮಾಡಿದ್ದಲ್ಲ. ಆದ್ರೆ ಹೇಳದೆ ಮಾಮೂಲಿ ರಬ್ಬರ್ ವಾಲ್ವ್ ಹಾಕಿ ಕಳಿಸಿದ್ರು. ಲೈಟ್ ಹತ್ತಿದ ಮೇಲೆ ಕೇಳಿದ್ದಕ್ಕೆ ಆ ಮಾತು ಬಂತು: ಲೈಟ್ ಅಷ್ಟೇ.

ನಾನು ಆನ್‌ಲೈನಲ್ಲಿ ಬದಲಿ ಸೆನ್ಸರ್ ತರಿಸಿದೆ. ಪೇಜಲ್ಲಿ “ಎಲ್ಲಾ ಕಾರಿಗೂ ಹೊಂದುತ್ತೆ” ಅಂತ ಬರೆದಿತ್ತು. ಮೂಡಿಗೆರೆಗೆ ಹೋಗಿ ಹಾಕಿಸಿದ್ವಿ. ವಾಲ್ವಿಗೆ ಹೊಂದಿತು, ಗಾಳಿ ನಿಂತಿತು. ಕಾರಿನ ಸ್ಕ್ರೀನಲ್ಲಿ ಮೂರು ಚಕ್ರಕ್ಕೆ ನಂಬರ್, ನಾಲ್ಕನೇದಕ್ಕೆ ಬರೀ ಎರಡು ಗೆರೆ.

ಹೊಂದುತ್ತೆ ಅನ್ನೋದು ಬೇರೆ, ಮಾತಾಡುತ್ತೆ ಅನ್ನೋದು ಬೇರೆ. ಮಾರೋರು ಮೊದಲನೇದನ್ನ ಹೇಳಿ ಎರಡನೇದನ್ನ ನುಂಗಿಕೊಳ್ತಾರೆ. ನನ್ನ ಸಿಟ್ಟು ಇಲ್ಲಿಂದ ಶುರು.

3/8

ಈ ಭಾಗ ಸೇವ್ ಮಾಡ್ಕೊಳ್ಳಿ. ಲೈಟ್ ಹತ್ತಿದ್ರೆ ಎಲ್ಲಿಂದ ಹುಡುಕಬೇಕು ಅಂತ.

ಒಂದು. ಲೈಟ್ ಹೇಗೆ ಹತ್ತುತ್ತೆ ನೋಡಿ. ಗಾಡಿ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷದಷ್ಟು ಹೊತ್ತು ಮಿಣುಕಿ, ಆಮೇಲೆ ನಿಂತು ಉರಿದ್ರೆ ಸಾಮಾನ್ಯವಾಗಿ ಸಿಸ್ಟಮ್ಮೇ ಕೆಟ್ಟಿದೆ ಅಂತ ಅರ್ಥ. ಮಿಣುಕದೆ ನೇರವಾಗಿ ಉರಿದ್ರೆ ಗಾಳಿ ಕಮ್ಮಿ. ಎರಡೂ ಒಂದೇ ಲೈಟ್, ಮಾತು ಬೇರೆ. ನಮ್ಮದು ಮಿಣುಕ್ತಿತ್ತು. ಯಾರೂ ಅದನ್ನ ಗಮನಿಸಲಿಲ್ಲ, ನಾನೂ ಕೂಡ.

ಎರಡು. ನಿಮ್ಮ ಕಾರಲ್ಲಿ ನಿಜವಾಗಲೂ ಚಕ್ರದೊಳಗೆ ಸೆನ್ಸರ್ ಇದೆಯಾ? ಕೆಲವು ಕಾರಲ್ಲಿ ಇರಲ್ಲ. ಅವು ಎ.ಬಿ.ಎಸ್. ಬ್ರೇಕಿನ ಚಕ್ರವೇಗದ ಲೆಕ್ಕ ನೋಡಿ ಊಹೆ ಮಾಡ್ತವೆ: ಗಾಳಿ ಇಳಿದ ಚಕ್ರ ಸಣ್ಣದಾಗಿ ಸ್ವಲ್ಪ ಜಾಸ್ತಿ ಸುತ್ತುತ್ತೆ. ಅಂಥ ಕಾರಿಗೆ ಬದಲಿ ಸೆನ್ಸರ್ ಕೊಂಡ್ರೆ ದುಡ್ಡು ಹೊಳೆಗೆ. ಅದಕ್ಕೆ ಬೇಕಾಗಿರೋದು ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿ ರೀಸೆಟ್ ಒತ್ತೋದು. ಗಾಳಿ ಹಾಕದೆ ರೀಸೆಟ್ ಒತ್ತಿದ್ರೆ? ಕಮ್ಮಿ ಗಾಳೀನೇ ಸರಿ ಅಂತ ಕಾರಿಗೆ ಕಲಿಸಿದ ಹಾಗೆ.

ಮೂರು. ಕೈ ಗೇಜ್ ಹಿಡಿದು ನೀವೇ ನೋಡಿ, ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ. ಮಂಗಳೂರಿನ ಮಧ್ಯಾಹ್ನದ 33 ಡಿಗ್ರಿ ಸೆಕೆಯಲ್ಲಿ 32 ಪಿ.ಎಸ್.ಐ. ತುಂಬಿಸಿದ ಟೈರು ಡಿಸೆಂಬರ್ ಬೆಳಿಗ್ಗೆ 13 ಡಿಗ್ರಿ ಚಳಿಗೆ ಬಂದ್ರೆ, ಬರೀ ಉಷ್ಣಾಂಶದಿಂದಲೇ ಸುಮಾರು 3 ಪಿ.ಎಸ್.ಐ. ಇಳಿಯುತ್ತೆ. ಎಷ್ಟೋ ಸಲ ಲೈಟಿನ ಕಾರಣ ಅಷ್ಟೇ ಇರುತ್ತೆ. ಆದ್ರೆ ಅದನ್ನ ಅಳೆದು ಹೇಳಬೇಕು, ಊಹಿಸಿ ಅಲ್ಲ.

4/8

ಈಗ ಬದಲಿ ಸೆನ್ಸರ್ ವಿಷಯ. ಹಾಕಿಸಿದ್ರೂ ಕಾರು ಯಾಕೆ ಒಪ್ಪಲ್ಲ?

ಫ್ರೀಕ್ವೆನ್ಸಿ: ಒಂದಷ್ಟು ಸೆನ್ಸರ್ 433 ಮೆಗಾಹರ್ಟ್ಸ್‌ನಲ್ಲಿ ಮಾತಾಡ್ತವೆ, ಅಮೆರಿಕದ ಕಾರುಗಳ ಹಲವು ಸೆನ್ಸರ್ 315ರಲ್ಲಿ. ನೋಡಕ್ಕೆ ಎರಡೂ ಅವಳಿ ಜವಳಿ. ಮೈಮೇಲೆ ಬರೆದಿರುತ್ತೆ, ಹಳೇದರ ಜೊತೆ ಹೋಲಿಸಿ ನೋಡಿ.

ಐಡಿ: ಪ್ರತಿ ಸೆನ್ಸರಿಗೂ ತನ್ನದೇ ನಂಬರ್ ಇರುತ್ತೆ, ಆಧಾರ್ ಇದ್ದ ಹಾಗೆ. ಇಲ್ಲದಿದ್ರೆ ಪಕ್ಕದಲ್ಲಿ ನಿಂತ ಕಾರಿನ ಟೈರ್ ಲೆಕ್ಕ ನಮ್ಮ ಸ್ಕ್ರೀನಲ್ಲಿ ಬರ್ತಿತ್ತು. ಹೊಸ ಐಡಿಯನ್ನ ಕಾರಿಗೆ ಪರಿಚಯ ಮಾಡಿಸ್ಬೇಕು. ಕೆಲವು ಕಾರು ಸ್ವಲ್ಪ ಹೊತ್ತು ಓಡಿಸಿದ್ರೆ ತಾನೇ ಕಲಿಯುತ್ತೆ. ಕೆಲವಕ್ಕೆ ಸ್ಕ್ಯಾನರ್ ಹಾಕಿ ನಂಬರ್ ಬರೀಬೇಕು. ಕೆಲವಕ್ಕೆ ಒಂದು ಸಣ್ಣ ಟೂಲನ್ನ ಒಂದೊಂದೇ ಚಕ್ರದ ಹತ್ತಿರ ಹಿಡಿದು ಎಬ್ಬಿಸ್ಬೇಕು. ನಿಮ್ಮದು ಯಾವ ಥರ ಅಂತ ಕಾರಿನ ಪುಸ್ತಕ ನೋಡಿ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿದೆಯಲ್ಲ, ಅದೇ.

ಖಾಲಿ ಸೆನ್ಸರ್: “ಎಲ್ಲಾ ಕಾರಿಗೂ” ಅಂತ ಮಾರೋದರಲ್ಲಿ ಎಷ್ಟೋ ಬರೆಯದ ಸ್ಲೇಟು. ಯಾವ ಕಾರಿನ ಭಾಷೆ ಮಾತಾಡ್ಬೇಕು ಅಂತ ಟೂಲಿಂದ ಅದರೊಳಗೆ ಬರೆಯೋವರೆಗೆ ಅದು ಮೂಕ. ನಮ್ಮದು ಇದೇ ಜಾತಿ. ಎರಡು ತಿಂಗಳು ಒಂದು ಮೂಕ ಪೆಟ್ಟಿಗೆನ ಚಕ್ರದೊಳಗೆ ತಿರುಗಿಸ್ಕೊಂಡು ಓಡಾಡಿದ್ವಿ.

ಹಳೇ ಸೆನ್ಸರ್ ಇನ್ನೂ ಜೀವಂತ ಇದ್ರೆ, ಅದರ ಐಡಿಯನ್ನೇ ಹೊಸದಕ್ಕೆ ನಕಲು ಮಾಡಬಹುದು, ಆಗ ಕಾರಿಗೆ ಬದಲಾವಣೆಯೇ ಗೊತ್ತಾಗಲ್ಲ. ಅದಕ್ಕೇ ಹೇಳೋದು: ಮುರಿದ ಸೆನ್ಸರನ್ನ ಅಂಗಡಿಯ ಕಸದಬುಟ್ಟಿಗೆ ಬಿಡಬೇಡಿ, ಕೇಳಿ ಮನೆಗೆ ತನ್ನಿ.

ಇನ್ನೊಂದು: ನಿಂತ ಗಾಡಿಯ ಸೆನ್ಸರ್ ನಿದ್ದೆ ಮಾಡುತ್ತೆ, ಬ್ಯಾಟರಿ ಉಳಿಸಕ್ಕೆ. ಕಾಫಿ ಕಣದಲ್ಲಿ ಗಾಡಿ ನಿಲ್ಲಿಸಿ ಸ್ಕ್ರೀನ್ ದಿಟ್ಟಿಸಿದ್ರೆ ಏನೂ ಬರಲ್ಲ. ನಾನು ಒಂದು ಭಾನುವಾರ ಪೂರ್ತಿ ಹಾಗೆ ಕೂತಿದ್ದೆ.

5/8

ನಮ್ಮ ಮಳೆ ಊರಿನವರು ಇದನ್ನ ಮೊದಲು ಓದಿ.

ಸೆನ್ಸರಿನ ಲೋಹದ ವಾಲ್ವ್ ಸಾಮಾನ್ಯವಾಗಿ ಅಲ್ಯೂಮಿನಿಯಮ್. ಅದರೊಳಗಿನ ಪಿನ್ ನಿಕಲ್ ಲೇಪ ಇರೋದೇ ಆಗಬೇಕು. ಪಂಕ್ಚರ್ ಅಂಗಡಿಯ ಡಬ್ಬಿಯಿಂದ ಮಾಮೂಲಿ ಹಿತ್ತಾಳೆ ಪಿನ್ ತೆಗೆದು ಹಾಕಿದ್ರೆ, ನೀರು ಸೇರಿ ಎರಡು ಲೋಹ ಒಂದನ್ನೊಂದು ತಿಂದು ಕಚ್ಚಿಕೊಳ್ತವೆ. ಆಮೇಲೆ ಬಿಚ್ಚೋವಾಗ ವಾಲ್ವೇ ಮುರಿಯುತ್ತೆ. ಚಂದ ಕಾಣಲಿ ಅಂತ ಹಾಕೋ ಲೋಹದ ಮುಚ್ಚಳಕ್ಕೂ ಇದೇ ಗತಿ. ಪ್ಲಾಸ್ಟಿಕ್ ಮುಚ್ಚಳ ಸಾಕು. ಜೂನಿಂದ ಸೆಪ್ಟೆಂಬರ್‌ವರೆಗೆ ಚಕ್ರ ಒಣಗದ ಊರು ನಮ್ಮದು, ಇಲ್ಲಿ ಇದು ಬೇಗ ಆಗುತ್ತೆ.

ಟೈರ್ ಬದಲಿಸೋವಾಗೆಲ್ಲ ವಾಲ್ವಿನ ರಬ್ಬರ್ ಸೀಲು, ನಟ್ಟು, ಪಿನ್ ಹೊಸದು ಹಾಕಿಸಿ. ಪಂಕ್ಚರ್ ಆದಾಗ ಬಾಟ್ಲಿಯ ಅಂಟು ದ್ರವ ಸುರಿದ್ರೆ, ಅದು ಸೆನ್ಸರಿನ ಸಣ್ಣ ತೂತನ್ನೇ ಮುಚ್ಚಿಬಿಡಬಹುದು. ಸುರಿದಿದ್ರೆ ಅಂಗಡಿಯವರಿಗೆ ಹೇಳಿ, ಒರೆಸ್ತಾರೆ. ಚಕ್ರಗಳನ್ನ ಹಿಂದೆ ಮುಂದೆ ಬದಲಿಸಿದ್ರೆ ಕಾರಿಗೂ ಹೇಳ್ಬೇಕು. ಇಲ್ಲದಿದ್ರೆ ಕೆಲವು ಕಾರಲ್ಲಿ ಸ್ಕ್ರೀನ್ ಮುಂದಿನ ಬಲ ಅನ್ನುತ್ತೆ, ಗಾಳಿ ಹೋಗ್ತಿರೋದು ಹಿಂದಿನ ಬಲ.

ಕೊನೇದು ಬ್ಯಾಟರಿ. ಒಳಗೇ ಮುಚ್ಚಿ ಎರಕ ಹೊಯ್ದಿರ್ತಾರೆ, ಬದಲಿಸಕ್ಕಾಗಲ್ಲ. ಸುಮಾರು ಐದರಿಂದ ಹತ್ತು ವರ್ಷ. ಒಟ್ಟಿಗೆ ಹುಟ್ಟಿದ ನಾಲ್ಕೂ ಹೆಚ್ಚುಕಮ್ಮಿ ಒಟ್ಟಿಗೇ ಸಾಯ್ತವೆ. ಒಂದು ಸತ್ರೆ ಉಳಿದ ಮೂರಕ್ಕೂ ವಯಸ್ಸಾಗಿದೆ ಅಂತ ತಿಳ್ಕೊಳ್ಳಿ.

6/8

“ನಮ್ಮ ಕಾಲದಲ್ಲಿ ಸೆನ್ಸರ್ ಇತ್ತಾ? ಜೀಪಲ್ಲಿ ಕಳಸಕ್ಕೆ ಹೋಗಿ ಬರ್ತಿರಲಿಲ್ವಾ?” ದೊಡ್ಡಪ್ಪನ ವಾದ ಇದು. ನೀವೂ ಕೇಳಿರ್ತೀರ.

ದೊಡ್ಡಪ್ಪ, ನಿಮ್ಮ ಮಾತು ಅರ್ಧ ನಿಜ. ನಿಮ್ಮ ತೋಟದ ಜೀಪಿನ ಡ್ರೈವರ್ ಬೆಳಿಗ್ಗೆ ಗಾಡಿ ತೆಗೆಯೋ ಮೊದಲು ವೀಲ್ ಸ್ಪ್ಯಾನರಲ್ಲಿ ನಾಲ್ಕೂ ಟೈರಿಗೆ ಹೊಡೆದು ಸದ್ದು ಕೇಳ್ತಿದ್ರು. ಸೆನ್ಸರ್ ಇರಲಿಲ್ಲ, ಕಿವಿ ಇತ್ತು. ನಾವು ಸ್ಕ್ರೀನ್ ಬಂತು ಅಂತ ಕಿವಿ ಬಿಟ್ವಿ. ಈಗ ಸ್ಕ್ರೀನೂ ಕೆಟ್ಟಿದೆ, “ಲೈಟ್ ಅಷ್ಟೇ” ಅಂತೀವಿ. ಎರಡೂ ಇಲ್ಲದವರು ನಾವು. ಇವತ್ತಿನ ರೇಡಿಯಲ್ ಟೈರಲ್ಲಿ ಕಾಲು ಭಾಗ ಗಾಳಿ ಇಳಿದ್ರೂ ಕಣ್ಣಿಗೆ ಸುಲಭಕ್ಕೆ ಕಾಣಲ್ಲ.

ಈ ಲೈಟ್ ಯಾರೋ ಶೋಕಿಗೆ ಇಟ್ಟಿದ್ದೂ ಅಲ್ಲ. 2000ನೇ ಇಸವಿ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರ್ ವಾಪಸ್ ತಗೊಂಡಿತು. ಹೆಚ್ಚಿನವು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗೆ ಹಾಕಿದ್ದವು. ಟೈರ್ ಕಿತ್ತು ಗಾಡಿ ಮಗುಚಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ರು. ಅದೇ ವರ್ಷ ಅಲ್ಲಿ ಟ್ರೆಡ್ ಕಾಯ್ದೆ ಬಂತು. ಅದರಿಂದ ಹುಟ್ಟಿದ ನಿಯಮ: ಗಾಳಿ ಶಿಫಾರಸಿಗಿಂತ ಶೇ. 25 ಇಳಿದ್ರೆ ಲೈಟ್ ಹತ್ತಲೇಬೇಕು. ಈ ಹಳದಿ ಲಾಳದ ಹಿಂದೆ ಅಷ್ಟು ಜನರ ಸಾವಿದೆ. ಟೇಪ್ ಅಂಟಿಸೋ ಮೊದಲು ನೆನಪಿರಲಿ.

7/8

ಈಗ ನನ್ನ ನಿಜವಾದ ಜಗಳ.

2020ರ ಜುಲೈನಲ್ಲಿ ನಮ್ಮ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ಬದಲಿಸಿತು. 3.5 ಟನ್‌ವರೆಗಿನ ಪ್ಯಾಸೆಂಜರ್ ಗಾಡಿಯಲ್ಲಿ ಟ್ಯೂಬ್‌ಲೆಸ್ ಟೈರ್, ಗಾಳಿ ಸೆನ್ಸರ್ ವ್ಯವಸ್ಥೆ, ಪಂಕ್ಚರ್ ಕಿಟ್ ಇದ್ರೆ ಸ್ಟೆಪ್ನಿ ಕಡ್ಡಾಯ ಅಲ್ಲ. ಜಾಗ ಉಳಿಯುತ್ತೆ, ಎಲೆಕ್ಟ್ರಿಕ್ ಗಾಡಿಗೆ ಬ್ಯಾಟರಿ ಇಡಬಹುದು ಅನ್ನೋದು ಕಾರಣ. ಬೆಂಗಳೂರಲ್ಲಿ ಸರಿ ಇರಬಹುದು.

ಆದ್ರೆ ಕೇಳ್ತೀನಿ: ಸ್ಟೆಪ್ನಿಯ ಜಾಗದಲ್ಲಿ ಸೆನ್ಸರನ್ನ ನಂಬಿ ಅಂದ್ರಲ್ಲ, ಏಳು ವರ್ಷದ ಮೇಲೆ ಅದರ ಬ್ಯಾಟರಿ ಸತ್ತಾಗ ಯಾರು ನೋಡ್ತಾರೆ? ಬ್ರಿಟನ್ನಿನಲ್ಲಿ 2012ರ ಜನವರಿ 1ರಿಂದ ರಸ್ತೆಗಿಳಿದ ಕಾರಲ್ಲಿ ಈ ಲೈಟ್ ದೋಷ ತೋರಿಸ್ತಿದ್ರೆ ವಾರ್ಷಿಕ ತಪಾಸಣೆಯಲ್ಲಿ ಫೇಲ್. ಇಲ್ಲಿ? ಲೈಟ್ ಅಷ್ಟೇ, ಓಡ್ಸಿ. ಸ್ಟೆಪ್ನಿಯೂ ಇಲ್ಲ, ಸೆನ್ಸರೂ ಇಲ್ಲ, ಕೈಯಲ್ಲೊಂದು ಅಂಟಿನ ಬಾಟ್ಲಿ.

ಆವತ್ತು ಚಾರ್ಮಾಡಿಯಲ್ಲಿ ನಮ್ಮ ಟೈರಿನ ಪಕ್ಕೆ ಹರಿದಿತ್ತು, ಗಾಳಿ ಇಲ್ಲದೆ ಓಡಿ. ಅದಕ್ಕೆ ಅಂಟು, ಕಿಟ್ ಯಾವುದೂ ಆಗಲ್ಲ. ನಮ್ಮ ಕಾರಲ್ಲಿ ಸ್ಟೆಪ್ನಿ ಇತ್ತು. ಅಪ್ಪ ಜಾಕಿ ಹಾಕಿದ್ರು, ನಾನು ಟಾರ್ಚ್ ಬೀಸುತ್ತಾ ತಿರುವಲ್ಲಿ ನಿಂತೆ. ಅಜ್ಜಿ ಆಸ್ಪತ್ರೆ ಸೇರಿದ್ರು, ತಡವಾಗಿ. ಇದೇ ಘಾಟಿ 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಮುಚ್ಚಿತ್ತು. ಇಂಥ ದಾರಿಯವರಿಗೆ ಸ್ಟೆಪ್ನಿ ಐಷಾರಾಮ ಅಲ್ಲ.

ಇನ್ನೊಂದು. ಸೆನ್ಸರಿನ ಐಡಿ ಬರೆಯೋ ದಾರಿಯನ್ನ ತಮ್ಮ ಸ್ಕ್ಯಾನರಿಗೆ ಮಾತ್ರ ತೆರೆದಿಡೋ ಕಂಪನಿಗಳಿವೆ. ಕೊಟ್ಟಿಗೆಹಾರದ ಪಂಕ್ಚರ್ ಅಂಗಡಿಯಣ್ಣನ ಹತ್ತಿರ ಆ ಟೂಲ್ ಎಲ್ಲಿಂದ ಬರ್ಬೇಕು? ಅವರನ್ನ ಬೈದು ಪ್ರಯೋಜನ ಇಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದರ ಪಟ್ಟಿಯ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಪೋರ್ಟಲ್ ಕೂಡ ಬಂತು. ಒಳ್ಳೇದೇ. ಆದ್ರೆ ಪೋರ್ಟಲ್ ದಿಲ್ಲಿಯಲ್ಲಿದ್ದು, ಟೂಲ್ ಶೋರೂಮಲ್ಲಿದ್ದು, ಕಾರು ಘಾಟಿಯಲ್ಲಿದ್ರೆ ಅದು ಹಕ್ಕಲ್ಲ.

8/8

ಕೊನೆಗೆ ಹೇಗೆ ಸರಿ ಆಯ್ತು? ಆಗಸ್ಟಲ್ಲಿ ಚಿಕ್ಕಮಗಳೂರಲ್ಲಿ ಟೂಲ್ ಇರೋ ಒಬ್ಬರು ಸಿಕ್ಕಿದ್ರು. ಚಕ್ರದ ಪಕ್ಕ ಹಿಡಿದು ನಮ್ಮ ಕಾರಿನ ಭಾಷೆ ಬರೆದ್ರು, ಐಡಿ ಕಾರಿಗೆ ಕಲಿಸಿದ್ರು. ಐದು ನಿಮಿಷ. ಎರಡು ಗೆರೆ ಹೋಗಿ 33 ಬಂತು. ಲೈಟ್ ಆರಿತು. ಖುಷಿ ಆಗ್ಬೇಕಿತ್ತು, ನನಗೆ ಸಿಟ್ಟೇ ಬಂತು. ಐದು ನಿಮಿಷದ ಕೆಲಸಕ್ಕೆ ಎರಡು ತಿಂಗಳು ಕುರುಡಾಗಿ ಓಡಾಡಿದ್ವಿ.

ಸೆನ್ಸರ್ ಹಾಕೋದು ಅರ್ಧ ಕೆಲಸ. ಕಾರು ಅದನ್ನ ಗುರುತಿಸಿದಾಗಲೇ ಕೆಲಸ ಮುಗಿಯೋದು. ಅಲ್ಲಿವರೆಗೆ ದುಡ್ಡು ಕೊಡಬೇಡಿ.

ಅಂಗಡಿಯಲ್ಲಿ ಕೇಳಬೇಕಾದ ನಾಲ್ಕು ಮಾತು: ಈ ಚಕ್ರದಲ್ಲಿ ಸೆನ್ಸರ್ ಇದೆ, ನೋಡ್ಕೊಂಡು ಬಿಚ್ತೀರಾ? ಮುರಿದ್ರೆ ಹೇಳ್ತೀರಾ? ಹೊಸದಕ್ಕೆ ಬರೆಯೋ ಟೂಲ್ ನಿಮ್ಮಲ್ಲಿದೆಯಾ? ಹೊರಡೋ ಮೊದಲು ಸ್ಕ್ರೀನಲ್ಲಿ ನಾಲ್ಕೂ ನಂಬರ್ ತೋರಿಸ್ತೀರಾ?

ಹೊಸ ಕಾರು ತಗೊಳ್ಳೋ ಮನೆಯವರು ಐದನೇದು ಕೇಳಿ: ಸ್ಟೆಪ್ನಿ ಎಲ್ಲಿ?

ಮತ್ತೆ, ಆ ಟೇಪ್ ಸಲಹೆ ಕೊಟ್ಟ ಗೆಳೆಯ, ನೀನೂ ಇದನ್ನ ಓದ್ತಿದ್ದೀಯ ಅಂತ ಗೊತ್ತು. ನಿಮ್ಮನೆ ಕಾರಲ್ಲೂ ಅದೇ ಲೈಟ್ ಹತ್ತಿದೆ ಅಂತ ನೀನೇ ಹೇಳಿದ್ದೆ. ಭಾನುವಾರ ಗೇಜ್ ತಗೊಂಡು ಬರ್ತೀನಿ. ಮಿಣುಕುತ್ತಾ, ನೇರ ಉರಿಯುತ್ತಾ ಅಂತ ಅಷ್ಟರೊಳಗೆ ನೋಡಿಟ್ಟಿರು.

ನಿಮ್ಮ ಊರಲ್ಲಿ ಟೂಲ್ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ರೆ ಕೆಳಗೆ ಊರಿನ ಹೆಸರು ಬರೀರಿ. ಕಳಸ, ಬಣಕಲ್, ಮೂಡಿಗೆರೆ, ಎಲ್ಲಾದ್ರೂ ಸರಿ. ಪಟ್ಟಿ ಮಾಡಿ ಪಿನ್ ಮಾಡ್ತೀನಿ.

#ಬಾಳೂರು #ಮೂಡಿಗೆರೆ #ಚಾರ್ಮಾಡಿ #ಮಲೆನಾಡು #ಲೈಟ್‌ಅಷ್ಟೇಅಲ್ಲ #ಸ್ಟೆಪ್ನಿಬೇಕು