ಹಿಂದಿನ ಸೀಟಿನ ಅಮ್ಮ

ಲಗೇಜ್ ತುಂಬಿದರೆ ನಮ್ಮ 5 ಬಾಗಿಲಿನ ಜಿಮ್ನಿಯ ಹಿಂಭಾಗ ಕೆಳಗೆ ಕೂರುತ್ತಿತ್ತು. ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೀತಿತ್ತು. ಸಕಲೇಶಪುರದ ಕಡೆ ಟ್ರಿಪ್‌ಗೆ ಮುಂಚೆ ಹಿಂದಿನ ಎರಡೂ ಕಾಯಿಲ್ ಸ್ಪ್ರಿಂಗ್ ತೆಗೆಸಿ ಹೆವಿ ಡ್ಯೂಟಿ ಹಾಕಿಸಿದೆ. "ದಿನಾ ಎಷ್ಟು ಲೋಡ್ ಇರುತ್ತೆ ಸಾರ್?" ಅಂತ ಮೆಕ್ಯಾನಿಕ್ ಕೇಳಿದ್ದರು. "ಇರೋದ್ರಲ್ಲೇ ಗಟ್ಟಿದು ಹಾಕಿ" ಅಂದಿದ್ದೆ.

ಟ್ರಿಪ್ಪಿನಲ್ಲಿ ಗಾಡಿ ಸೂಪರ್. ಸೋಮವಾರ ಅಪ್ಪ ಮುಂದೆ, ಸೊಂಟನೋವಿನ ಅಮ್ಮ ಹಿಂದೆ, ಆಸ್ಪತ್ರೆಗೆ ಹೊರಟೆವು. ಖಾಲಿ ಡಿಕ್ಕಿ. ಪ್ರತಿ ಹಂಪ್‌ಗೂ ಹಿಂಭಾಗ ಎಗರಿತು. ಮೂರನೆಯದಕ್ಕೆ ಅಮ್ಮ, "ಮಗಾ, ನಿಲ್ಸು. ನಾನು ಆಟೋದಲ್ಲಿ ಬರ್ತೀನಿ" ಅಂದರು.

ಗಟ್ಟಿ ಸ್ಪ್ರಿಂಗ್ ಕುಗ್ಗಲು ಭಾರ ಬೇಕು. ಇಲ್ಲದಿದ್ದರೆ ಗುಂಡಿಯ ಏಟು ನೇರ ಸೊಂಟಕ್ಕೇ. ಶಾಕ್ ಅಬ್ಸಾರ್ಬರ್ ಕೂಡ ಅದಕ್ಕೆ ಹೊಂದಬೇಕು. ಸ್ಪ್ರಿಂಗ್ ಬದಲಿಸಿದ ಮಾತ್ರಕ್ಕೆ ಕಂಪನಿ ಹೇಳಿದ ತೂಕದ ಮಿತಿಯೇನೂ ಏರುವುದಿಲ್ಲ.

ಹಾಗಾಗಿ ಮೊದಲು ಸಾಮಾನು ತೂಗಿ. ವರ್ಷಕ್ಕೆ ನಾಲ್ಕು ಟ್ರಿಪ್ಪಿನ ಲೋಡ್ ಅಲ್ಲ, ದಿನಾ ಗಾಡಿಯಲ್ಲಿರುವ ಲೋಡ್ ನೋಡಿ ಸ್ಪ್ರಿಂಗ್ ಆರಿಸಿ. ನಾನಂತೂ ಹಳೇದನ್ನೇ ವಾಪಸ್ ಹಾಕಿಸಿ, ಅರ್ಧ ಲಗೇಜ್ ಮನೇಲಿಟ್ಟೆ. ಈಗ ಅಮ್ಮ ಆಟೋ ಕೇಳುತ್ತಿಲ್ಲ.